ಲಿಥಿಯಂ ಸೆಲ್‌ಗೆ ಎಷ್ಟು ಆಂಪಿಯರ್ ಫ್ಯೂಸ್?

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಫ್ಯೂಸ್ ಬಗ್ಗೆ ಬರೆಯಲು ಕಾಮರ್ಸ್‌ನವಳಿಗೇನು ಕೆಲಸ ಎಂದು ವಿಜ್ಞಾನ ವಿಭಾಗದ ಗೆಳತಿಯರು ಈಗಾಗಲೇ ಕೇಳಿಯಾಗಿದೆ. ಕಾರಣ ಇಷ್ಟೇ. ನನ್ನ ಮಾಮೂ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಆ ಅಂಗಡಿಯ ಸ್ಟಾಕ್ ಪುಸ್ತಕ ಬರೆಯುವುದು ಒಂದು ವರ್ಷದಿಂದ ನನ್ನ ಪಾಲಿನ ಕೆಲಸ. ನೋಡಲು ಒಂದೇ ತರಹದ ಗಾಜಿನ ಫ್ಯೂಸ್‌ಗಳನ್ನು ಮಾಮೂ ಆರೇಳು ಡಬ್ಬಿಗಳಲ್ಲಿ ಬೇರೆ ಬೇರೆ ಇಡುತ್ತಾರೆ. ಇವನ್ನು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದರೆ ಆಗದೇ ಎಂದು ಕೇಳಿದ ದಿನದಿಂದ ನನ್ನ ಪಾಠ ಶುರುವಾಯಿತು.

ಕಳೆದ ದಸರಾ ರಜೆಯಲ್ಲಿ ಎರಡು ಗಿರಾಕಿಗಳು ಬೇರೆ ಬೇರೆ ದಿನ ಬಂದು ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೊದಲನೆಯವನು ನಮ್ಮ ಖಾಲಾನ ಮಗ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಅದರೊಳಗಿನ ಆರು ಸೆಲ್‌ಗಳಿಂದ ಪವರ್ ಬ್ಯಾಂಕ್ ಮಾಡುತ್ತೇನೆ, ಯಾವ ಫ್ಯೂಸ್ ಹಾಕಲಿ ಎಂದ. ಮಾಮೂ 2 ಆಂಪಿಯರಿನ ಆರು ಗಾಜಿನ ಫ್ಯೂಸ್‌ಗಳನ್ನೂ 5 ಆಂಪಿಯರಿನ ಒಂದು ಗಾಡಿ ಫ್ಯೂಸನ್ನೂ ಎಣಿಸಿ ಕೊಟ್ಟರು. ಎರಡನೆಯವನು ಕಾಲೇಜು ಹುಡುಗ, ನಮ್ಮ ಕಾಲೇಜಿನವನಲ್ಲ. ಹೆಚ್ಚು ಕರೆಂಟ್ ಕೊಡುವ ಒಂದು ಸೆಲ್ ಬೇಕು, ಅದಕ್ಕೆ ಸರಿಯಾದ ಫ್ಯೂಸೂ ಬೇಕು ಎಂದ. ಯಾವುದಕ್ಕೆ ಎಂದು ಮಾಮೂ ಎರಡು ಸಲ ಕೇಳಿದ ಮೇಲೆ, ವೇಪ್ ತಾನೇ ಮಾಡಿಕೊಳ್ಳಬೇಕು ಎಂದು ಬಾಯಿ ಬಿಟ್ಟ. ಮಾಮೂ "ಬೇಟಾ, ಇಸ್ಕು ಫ್ಯೂಸ್ ಹೈಚ್ ನೈ" ಎಂದು ಅವನನ್ನು ಕಳಿಸಿಬಿಟ್ಟರು. ಇದಕ್ಕೆ ಫ್ಯೂಸೇ ಇಲ್ಲ ಎಂದು ಅರ್ಥ.

ಅವನನ್ನು ಸಾಗಹಾಕಲು ಹೇಳಿದ ಮಾತು ಎಂದು ನಾನು ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿ ನೋಡಿದಾಗ ಅದು ಅಕ್ಷರಶಃ ನಿಜ ಎಂದು ತಿಳಿಯಿತು. ಈ ಎರಡು ಉತ್ತರಗಳು ಯಾಕೆ ಹಾಗೆ ಎಂದು ವಿವರಿಸುವುದೇ ಈ ಲೇಖನ. ನಮ್ಮ ಫಿಸಿಕ್ಸ್ ಸರ್ ಲೆಕ್ಕಗಳನ್ನು ನೋಡಿಕೊಟ್ಟಿದ್ದಾರೆ. ಬೇಕಾಗುವ ಗಣಿತ ಮಾತ್ರ ಎಸ್ಸೆಸ್ಸೆಲ್ಸಿಯದೇ: ವೋಲ್ಟನ್ನು ರೋಧದಿಂದ ಭಾಗಿಸಿದರೆ ಕರೆಂಟ್, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖ. ಆದ್ದರಿಂದ ಕಲಾ ವಿಭಾಗದವರೂ ಪುಟ ತಿರುಗಿಸಬೇಡಿ.

ಮೊದಲು ಸೆಲ್ ಬಗ್ಗೆ. ಲ್ಯಾಪ್‌ಟಾಪ್ ಬ್ಯಾಟರಿ, ಟಾರ್ಚ್, ಪವರ್ ಬ್ಯಾಂಕ್, ಬ್ಲೂಟೂತ್ ಸ್ಪೀಕರ್ ಹಲವುಗಳಲ್ಲಿ ಇರುವ ದುಂಡನೆಯ ಲಿಥಿಯಂ ಅಯಾನ್ ಸೆಲ್‌ಗೆ 18650 ಎಂದು ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅದು ದುಂಡು ಆಕಾರದ್ದು ಎಂಬುದಕ್ಕೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಖಾಲಿಯಾಗುವ ಹೊತ್ತಿಗೆ 3 ವೋಲ್ಟಿನ ಹತ್ತಿರ. ತೂಕ 45 ಗ್ರಾಂ ಆಸುಪಾಸು. ಇಂತಹ ಸೆಲ್‌ಗಳನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

4.2 ವೋಲ್ಟ್ ಮುಟ್ಟಿದರೆ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಆದ್ದರಿಂದಲೇ ಇದನ್ನು ಆಟಿಕೆ ಸೆಲ್ ಎಂದುಕೊಳ್ಳುತ್ತಾರೆ. ಅಪಾಯ ಇರುವುದು ವೋಲ್ಟಿನಲ್ಲಿ ಅಲ್ಲ, ಸೆಲ್‌ನ ಒಳರೋಧ ತೀರಾ ಕಡಿಮೆ ಇರುವುದರಲ್ಲಿ. ಹಳೆಯ ಲ್ಯಾಪ್‌ಟಾಪ್ ಸೆಲ್‌ನ ಒಳರೋಧ 0.05 ಓಮ್ ಎಂದು ಇಟ್ಟುಕೊಳ್ಳೋಣ. ಅದರ ಎರಡು ತುದಿಗಳನ್ನು ದಪ್ಪ ತಂತಿಯಿಂದ ಮುಟ್ಟಿಸಿದರೆ 4.2 ಭಾಗಿಸು 0.05, ಅಂದರೆ 84 ಆಂಪಿಯರ್. ತಂತಿಯ ರೋಧ ಸೇರಿದರೆ ಇದು ಸ್ವಲ್ಪ ಇಳಿಯುತ್ತದೆ, ಇರಲಿ. ನಮ್ಮ ಮನೆಯ ಮೇನ್ ಎಂಸಿಬಿ ಮೇಲೆ ಬರೆದಿರುವುದು 32. ಇಡೀ ಮನೆಗೆ ಬಿಡದಷ್ಟು ಕರೆಂಟು ಹೆಬ್ಬೆರಳಿನಷ್ಟು ದಪ್ಪದ ಸೆಲ್‌ನಿಂದ ಹರಿಯಬಲ್ಲದು. ಶಾಖ ಎಷ್ಟು? 84ರ ವರ್ಗವನ್ನು 0.05ರಿಂದ ಗುಣಿಸಿದರೆ ಸುಮಾರು 350 ವ್ಯಾಟ್. ಸಾವಿರ ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆಯ ಮೂರನೇ ಒಂದು ಭಾಗದಷ್ಟು ಶಾಖ 45 ಗ್ರಾಂ ವಸ್ತುವಿನ ಒಳಗೇ ಹುಟ್ಟುತ್ತದೆ. ಒಳಗಿನ ಎರಡು ಪದರಗಳನ್ನು ದೂರ ಇಟ್ಟಿರುವ ತೆಳು ಪ್ಲಾಸ್ಟಿಕ್ ಹಾಳೆ ಸುಮಾರು 130 ಡಿಗ್ರಿಗೆ ಕರಗುತ್ತದೆ. ಅಲ್ಲಿಂದ ಮುಂದೆ ಹೊರಗಿನ ತಂತಿ ಕಿತ್ತರೂ ಪ್ರಯೋಜನವಿಲ್ಲ, ಸೆಲ್ ತನ್ನ ರಾಸಾಯನಿಕ ಕ್ರಿಯೆಯಿಂದಲೇ ಬಿಸಿಯಾಗುತ್ತಾ ಹೋಗುತ್ತದೆ. ಹೊಗೆ, ಬೆಂಕಿ, ಕೆಲವೊಮ್ಮೆ ಸಿಡಿತ.

ಫ್ಯೂಸ್ ಕೆಲಸ ಆ ಘಟ್ಟಕ್ಕೆ ಹೋಗುವ ಮೊದಲೇ ದಾರಿ ಕಡಿಯುವುದು. ನಮ್ಮ ಬಿಸಿನೆಸ್ ಸ್ಟಡೀಸ್‌ನಲ್ಲಿ ವಿಮೆಯ ಪಾಠ ಓದಿದವರು ಫ್ಯೂಸ್ ಅಂದರೆ ವಿಮೆ ಇದ್ದಹಾಗೆ ಎಂದು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ವಿಮೆ ಬೆಂಕಿಯನ್ನು ತಡೆಯುವುದಿಲ್ಲ, ಸುಟ್ಟ ಮೇಲೆ ನಷ್ಟ ತುಂಬುತ್ತದೆ. ಫ್ಯೂಸ್ ನಷ್ಟ ತುಂಬುವುದಿಲ್ಲ, ಬೆಂಕಿಯನ್ನೇ ತಡೆಯಲು ನೋಡುತ್ತದೆ. ಅದೂ ಸರಿಯಾದದ್ದನ್ನು ಆರಿಸಿದರೆ ಮಾತ್ರ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. 5 ಆಂಪಿಯರ್ ಫ್ಯೂಸ್ 5 ಆಂಪಿಯರಿಗೆ ಕರಗುವುದಿಲ್ಲ. 6ಕ್ಕೂ ಇಲ್ಲ. ನಾವು ಬಳಸುವ ಸಣ್ಣ ಗಾಜಿನ ಫ್ಯೂಸ್‌ಗೆ ಐಇಸಿ 60127 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಬೇಗ ಕರಗುವ ಜಾತಿಯ ಫ್ಯೂಸ್ ಕೂಡ ತನ್ನ ಮೇಲೆ ಬರೆದ ಅಂಕಿಯ ಒಂದೂವರೆ ಪಟ್ಟು ಕರೆಂಟನ್ನು ಕನಿಷ್ಠ ಒಂದು ಗಂಟೆ ತಡೆದುಕೊಳ್ಳಬೇಕು. 2.1 ಪಟ್ಟು ಹರಿದರೆ ಅರ್ಧ ಗಂಟೆಯೊಳಗೆ ಹೋಗಬೇಕು. ಹತ್ತು ಪಟ್ಟು ಹರಿದರೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಹೋಗಬೇಕು. ಅಂದರೆ 5 ಆಂಪಿಯರ್ ಫ್ಯೂಸ್‌ನಲ್ಲಿ 7.5 ಆಂಪಿಯರ್ ಗಂಟೆಗಟ್ಟಲೆ ಹರಿಯಬಹುದು, ಫ್ಯೂಸ್ ಕೆಟ್ಟದ್ದಲ್ಲ. ಅಮೆರಿಕದ ಪದ್ಧತಿಯಲ್ಲಿ ತಯಾರಾದ ಫ್ಯೂಸ್‌ಗಳ ಲೆಕ್ಕ ಬೇರೆ: ಅವು 1.35 ಪಟ್ಟಿಗೇ ಒಂದು ಗಂಟೆಯೊಳಗೆ ಹೋಗುತ್ತವೆ, ಆದ್ದರಿಂದ ನಿತ್ಯದ ಕರೆಂಟು ಅಂಕಿಯ ಮುಕ್ಕಾಲು ಭಾಗ ದಾಟದಂತೆ ಆರಿಸಬೇಕು ಎನ್ನುತ್ತಾರೆ.

ಫ್ಯೂಸ್ ಎಂದರೆ ಗೆರೆ ದಾಟಿದ ಕೂಡಲೇ ಮುಚ್ಚುವ ಗೇಟ್ ಅಲ್ಲ. ಕರೆಂಟ್ ಸ್ವಲ್ಪ ಹೆಚ್ಚಾದರೆ ಅದು ಬಹಳ ಹೊತ್ತು ಯೋಚಿಸುತ್ತದೆ, ತುಂಬಾ ಹೆಚ್ಚಾದರೆ ಯೋಚಿಸುವುದೇ ಇಲ್ಲ. ಹಾಗಾಗಿ ನಿತ್ಯದ ಕರೆಂಟಿಗೂ ಅಪಾಯದ ಕರೆಂಟಿಗೂ ನಡುವೆ ಅಗಲವಾದ ಜಾಗ ಇದ್ದರೆ ಮಾತ್ರ ಫ್ಯೂಸ್ ಆರಿಸಲು ಬರುತ್ತದೆ. ಆ ಜಾಗ ಇದೆಯೇ ಇಲ್ಲವೇ ಎಂದು ಮೊದಲು ನೋಡಬೇಕು. ಮಾಮೂ ಇಬ್ಬರಿಗೆ ಎರಡು ಉತ್ತರ ಕೊಟ್ಟದ್ದು ಇದಕ್ಕೇ.

ಖಾಲಾನ ಮಗನ ಪವರ್ ಬ್ಯಾಂಕನ್ನು ತೆಗೆದುಕೊಳ್ಳಿ. ಮೊಬೈಲಿಗೆ 5 ವೋಲ್ಟಿನಲ್ಲಿ 2 ಆಂಪಿಯರ್, ಅಂದರೆ 10 ವ್ಯಾಟ್ ಕೊಡಬೇಕು. ವೋಲ್ಟ್ ಏರಿಸುವ ಸಣ್ಣ ಬೋರ್ಡ್ ತಾನೂ ಸ್ವಲ್ಪ ತಿನ್ನುತ್ತದೆ, ಸೆಲ್‌ಗಳಿಂದ 11.5 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ಲೆಕ್ಕವನ್ನು ಸೆಲ್ ತುಂಬಿರುವಾಗ ಹಾಕಬಾರದು, ಖಾಲಿಯಾಗುತ್ತಿರುವಾಗ ಹಾಕಬೇಕು, ಯಾಕೆಂದರೆ ವೋಲ್ಟ್ ಇಳಿದಂತೆ ಅಷ್ಟೇ ವ್ಯಾಟಿಗೆ ಹೆಚ್ಚು ಕರೆಂಟ್ ಬೇಕಾಗುತ್ತದೆ. 3.2 ವೋಲ್ಟಿನಲ್ಲಿ ಒಟ್ಟು 3.6 ಆಂಪಿಯರ್. ಆರು ಸೆಲ್‌ಗಳನ್ನು ಪಕ್ಕಪಕ್ಕ, ಪ್ಲಸ್‌ಗೆ ಪ್ಲಸ್ ಮೈನಸ್‌ಗೆ ಮೈನಸ್ ಜೋಡಿಸಿರುವುದರಿಂದ ಒಂದೊಂದರ ಪಾಲು 0.6 ಆಂಪಿಯರ್. ಲ್ಯಾಪ್‌ಟಾಪ್ ಸೆಲ್ ಒಂದು ನಿರಂತರವಾಗಿ 4 ಆಂಪಿಯರ್ ತನಕ ತಡೆಯುತ್ತದೆ. ಇನ್ನು ಕೆಟ್ಟ ದಿನದ ಲೆಕ್ಕ. ಆರರಲ್ಲಿ ಒಂದು ಸೆಲ್ ಒಳಗೇ ಶಾರ್ಟ್ ಆಯಿತು ಎನ್ನಿ. ಉಳಿದ ಐದೂ ತಮ್ಮ ಕರೆಂಟನ್ನು ಅದರೊಳಗೆ ಸುರಿಯುತ್ತವೆ. ಕೆಟ್ಟ ಸೆಲ್‌ನ 0.05 ಓಮ್, ಒಳ್ಳೆಯ ಐದೂ ಸೇರಿ 0.01 ಓಮ್, ಒಟ್ಟು 0.06. ಕರೆಂಟು 70 ಆಂಪಿಯರ್. ಒಳ್ಳೆಯ ಸೆಲ್ ಒಂದೊಂದರಿಂದ 14 ಆಂಪಿಯರ್, ಕೆಟ್ಟದ್ದರೊಳಗೆ ಎಪ್ಪತ್ತೂ.

ಈಗ ಅಂಕಿಗಳನ್ನು ಸಾಲಾಗಿ ನೋಡಿ. ನಿತ್ಯ 0.6, ಸೆಲ್‌ನ ಮಿತಿ 4, ಅಪಾಯ 14ರಿಂದ 70. ಎಷ್ಟು ಅಗಲವಾದ ಜಾಗ! 2 ಆಂಪಿಯರ್ ಫ್ಯೂಸನ್ನು ಪ್ರತಿ ಸೆಲ್‌ಗೆ ಒಂದರಂತೆ ಹಾಕಿದರೆ ನಿತ್ಯದ ಕೆಲಸದಲ್ಲಿ ಅದು ಬೆಚ್ಚಗೂ ಆಗುವುದಿಲ್ಲ. 2.1 ಪಟ್ಟು ಎಂದರೆ 4.2, ಸೆಲ್‌ನ ಮಿತಿಯ ಹತ್ತಿರವೇ. ಕೆಟ್ಟ ಸೆಲ್‌ನ ಫ್ಯೂಸ್ ಕಂಡದ್ದು ಮೂವತ್ತೈದು ಪಟ್ಟು, ಕಣ್ಣು ಮಿಟುಕಿಸುವ ಮೊದಲೇ ಹೋಗುತ್ತದೆ. ಫ್ಯೂಸಿನ ಸ್ವಂತ ರೋಧವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ಕರೆಂಟ್ ಇನ್ನೂ ಕಡಿಮೆಯಾಗುತ್ತದೆಯೇ ಹೊರತು ತೀರ್ಮಾನ ಬದಲಾಗುವುದಿಲ್ಲ. ಒಂದು ಸೆಲ್ ಕಳಚಿಕೊಂಡ ಮೇಲೆ ಉಳಿದ ಐದರ ಪಾಲು 0.72 ಆಂಪಿಯರ್. ಪವರ್ ಬ್ಯಾಂಕ್ ಏನೂ ಆಗದಂತೆ ನಡೆಯುತ್ತದೆ.

ಎಲ್ಲದಕ್ಕೂ ಸೇರಿ ಒಂದೇ ಫ್ಯೂಸ್ ಸಾಲದೇ ಎಂದು ಖಾಲಾನ ಮಗ ಚೌಕಾಸಿ ಮಾಡಿದ. ಸಾಲದು. ಹೊರಗೆ ತಂತಿ ಶಾರ್ಟ್ ಆದರೆ ಆ ಒಂದು ಫ್ಯೂಸ್ ಕಾಯುತ್ತದೆ. ಆದರೆ ಐದು ಸೆಲ್‌ಗಳ ಕರೆಂಟು ಆರನೆಯದಕ್ಕೆ ನುಗ್ಗುವ ದಾರಿಯಲ್ಲಿ ಅದು ಬರುವುದೇ ಇಲ್ಲ. ಹಳೆಯ ಸೆಲ್‌ಗಳಲ್ಲಿ ಯಾವುದು ಯಾವಾಗ ಒಳಗೆ ಕೆಡುತ್ತದೆ ಎಂದು ಯಾರೂ ಹೇಳಲಾರರು. ಅವರ ಮನೆ ಚಿಕ್ಕದು, ಪವರ್ ಬ್ಯಾಂಕ್ ಇಡುವ ಗೂಡು ಅವನ ದಾದಿಯ ಮಂಚದ ತಲೆಯ ಮೇಲೇ ಇದೆ. ಆರು ಫ್ಯೂಸಿಗೆ ಆದ ಖರ್ಚು ಒಂದು ಪ್ಲೇಟ್ ಬಿರಿಯಾನಿಗಿಂತ ಕಡಿಮೆ. ಇದು ಬಡವರ ಉಪಾಯವೇನೂ ಅಲ್ಲ. ಟೆಸ್ಲಾ ಕಂಪನಿಯ ಮಾಡೆಲ್ ಎಸ್ ಕಾರಿನ 85 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ ಇದೇ 18650 ಗಾತ್ರದ 7,104 ಸೆಲ್‌ಗಳಿದ್ದವು, ಒಂದೊಂದಕ್ಕೂ ಕೂದಲಿನಂತಹ ಒಂದು ತಂತಿಯೇ ಫ್ಯೂಸ್.

ಜೋಡಿಸುವ ದಿನ ಈ ಫ್ಯೂಸ್‌ಗಳು ಇನ್ನೊಂದು ಉಪಕಾರ ಮಾಡಿದವು. ಐದು ಸೆಲ್‌ಗಳು 4.1 ವೋಲ್ಟಿನಲ್ಲಿದ್ದವು, ಆರನೆಯದು 3.4. ಅಳೆಯದೆ ಸೇರಿಸಿದ ಕೂಡಲೇ ಆರನೆಯದರ ಫ್ಯೂಸ್ ಹಾರಿತು. ಲೆಕ್ಕ ಹಾಕಿ: ವ್ಯತ್ಯಾಸ 0.7 ವೋಲ್ಟ್, ಭಾಗಿಸು 0.06, ಸುಮಾರು 12 ಆಂಪಿಯರ್. ಖಾಲಿ ಸೆಲ್ ಒಂದಕ್ಕೆ ಅಷ್ಟು ವೇಗದಲ್ಲಿ ಚಾರ್ಜ್ ನುಗ್ಗಬಾರದು. ಪಕ್ಕಪಕ್ಕ ಜೋಡಿಸುವ ಮುಂಚೆ ಮಲ್ಟಿಮೀಟರ್ ಹಿಡಿದು ಎಲ್ಲ ಸೆಲ್‌ಗಳ ವೋಲ್ಟ್ ಸಮ ಇದೆಯೇ ನೋಡಿ, ವ್ಯತ್ಯಾಸ 0.05 ವೋಲ್ಟಿನೊಳಗೆ ಇರಲಿ.

ಫ್ಯೂಸ್ ಮೇಲಿನ ಬರಹ ಓದುವುದು ಹೇಗೆಂದು ಈಗ ಹೇಳುತ್ತೇನೆ, ಸ್ಟಾಕ್ ಪುಸ್ತಕದ ಕಾರಣದಿಂದ ಇದು ನನಗೆ ಬಾಯಿಪಾಠವಾಗಿದೆ. ಗಾಜಿನ ಫ್ಯೂಸಿನ ಲೋಹದ ಟೊಪ್ಪಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಎಫ್ 2 ಎ ಎಲ್ 250 ವಿ ಎಂದು ಕೊರೆದಿರುತ್ತದೆ. ಎಫ್ ಎಂದರೆ ಬೇಗ ಕರಗುವುದು, ಟಿ ಎಂದರೆ ತಡವಾಗಿ ಕರಗುವುದು. ಮೋಟರ್‌ಗಳಂತೆ ಚಾಲು ಮಾಡಿದ ಕ್ಷಣ ಹೆಚ್ಚು ಎಳೆಯುವ ಸಾಮಾನಿಗೆ ಟಿ ಬೇಕು. ಸೆಲ್‌ ಕಾಯಲು ಎಫ್. 2 ಎ ಎಂದರೆ ಆಂಪಿಯರ್. ಕೊನೆಯ 250 ವಿ ನೋಡಿ ಹಲವರು ಇದು ಮನೆಯ ಕರೆಂಟಿಗೆ ಮಾತ್ರ ಎಂದು ವಾಪಸು ಕೊಡುತ್ತಾರೆ. ಅದು ಗರಿಷ್ಠ ಮಿತಿ ಅಷ್ಟೇ. ಫ್ಯೂಸ್ ಕರಗಿಸುವುದು ಕರೆಂಟು, ವೋಲ್ಟ್ ಅಲ್ಲ. 4 ವೋಲ್ಟಿನಲ್ಲೂ ಅದೇ ಫ್ಯೂಸ್ ಅದೇ ರೀತಿ ಕರಗುತ್ತದೆ.

ನಡುವಿನ ಎಲ್ ಅಥವಾ ಎಚ್ ಅಕ್ಷರವನ್ನು ಅಂಗಡಿಯವರೂ ಗಮನಿಸುವುದಿಲ್ಲ. ಕರಗಿದ ಮೇಲೆ ಎಷ್ಟು ಆಂಪಿಯರ್‌ವರೆಗೆ ಅದು ನಿಜವಾಗಿ ಕಡಿಯಬಲ್ಲದು ಎಂಬುದನ್ನು ಅದು ಹೇಳುತ್ತದೆ. ಎಲ್ ಆದರೆ 35 ಆಂಪಿಯರ್ ಅಥವಾ ಅಂಕಿಯ ಹತ್ತು ಪಟ್ಟು, ಯಾವುದು ಹೆಚ್ಚೋ ಅದು. ಎಚ್ ಆದರೆ 1,500 ಆಂಪಿಯರ್, ಅವು ಸಾಮಾನ್ಯವಾಗಿ ಬಿಳಿ ಪಿಂಗಾಣಿಯವು, ಒಳಗೆ ಮರಳು ತುಂಬಿರುತ್ತದೆ. ಈ ಮಿತಿ ದಾಟಿದರೆ ತಂತಿ ಕರಗಿದರೂ ಕಿಡಿಯೇ ಸೇತುವೆಯಾಗಿ ಕರೆಂಟು ಹರಿಯುತ್ತಲೇ ಇರಬಹುದು. ಹಾಗಾದರೆ 70 ಆಂಪಿಯರ್ ಹರಿಯುವ ಕಡೆ ಎಲ್ ಫ್ಯೂಸ್ ಹಾಕಿದ್ದು ಸರಿಯೇ? ಒಂದೇ ಸೆಲ್‌ನ ವೋಲ್ಟಿನಲ್ಲಿ ಸರಿ. ಕಿಡಿ ನಿಲ್ಲದೆ ಉರಿಯಲು ಹತ್ತು ವೋಲ್ಟಿಗಿಂತ ಹೆಚ್ಚು ಬೇಕು, 4.2ರಲ್ಲಿ ಅದು ಉಳಿಯುವುದಿಲ್ಲ. ಆದರೆ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಯಂತೆ ಸೆಲ್‌ಗಳನ್ನು ಒಂದರ ಹಿಂದೆ ಒಂದು ಸೇರಿಸಿ 48 ವೋಲ್ಟ್ ಮಾಡಿದ ಕಡೆ ಗಾಜಿನ ಫ್ಯೂಸ್ ಹಾಕಲೇಬಾರದು, ಡಿಸಿಗೆಂದು ಬರೆದದ್ದೇ ಬೇಕು. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಕಿಡಿ ಆರಲು ಅವಕಾಶ ಕೊಡುತ್ತದೆ, ಡಿಸಿ ಕೊಡುವುದಿಲ್ಲ.

ಪವರ್ ಬ್ಯಾಂಕಿನ ಮುಖ್ಯ ದಾರಿಗೆ ಮಾಮೂ ಕೊಟ್ಟದ್ದು ಬೈಕು, ಕಾರುಗಳಲ್ಲಿ ಬರುವ ಎರಡು ಕಾಲಿನ ಪ್ಲಾಸ್ಟಿಕ್ ಫ್ಯೂಸ್. ನನ್ನ ಮಟ್ಟಿಗೆ ಸೆಲ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಡಿಸಿಗೆಂದೇ ಮಾಡಿದ್ದು, 32 ವೋಲ್ಟ್ ತನಕ, ಒಳ್ಳೆಯ ಕಂಪನಿಯದಾದರೆ 1,000 ಆಂಪಿಯರ್ ಕಡಿಯುತ್ತದೆ. ಆರು ಸೆಲ್ ಸೇರಿ ಹೊರಗೆ ಶಾರ್ಟ್ ಆದರೆ ಕಾಗದದ ಮೇಲಿನ ಲೆಕ್ಕ 500 ಆಂಪಿಯರ್ ದಾಟುತ್ತದೆ, ಆದ್ದರಿಂದ ಈ ಅಂಕಿ ಮುಖ್ಯ. ಬಣ್ಣ ನೋಡಿಯೇ ಗುರುತಿಸಬಹುದು: 5ಕ್ಕೆ ತಿಳಿ ಕಂದು, 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಆಟೊ ಸ್ಪೇರ್ಸ್ ಅಂಗಡಿಯಲ್ಲಿ ಎಲ್ಲೂ ಸಿಗುತ್ತದೆ, ಹಿಡಿಕೆಯೂ ಸಿಗುತ್ತದೆ. ಹಾಕುವ ಜಾಗ ಸೆಲ್‌ನ ಪ್ಲಸ್ ತುದಿಗೆ ಆದಷ್ಟು ಹತ್ತಿರ. ಸೆಲ್‌ನಿಂದ ಫ್ಯೂಸ್‌ವರೆಗಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ ಎಂಬುದನ್ನು ನೆನಪಿಟ್ಟರೆ ಅದು ಯಾಕೆ ಚಿಕ್ಕದಿರಬೇಕೆಂದು ಹೇಳಬೇಕಾಗಿಲ್ಲ. ತಂತಿಯೂ ಫ್ಯೂಸಿಗಿಂತ ಹೆಚ್ಚು ತಡೆಯುವಂತಿರಬೇಕು, ಇಲ್ಲದಿದ್ದರೆ ತಂತಿಯೇ ಮೊದಲು ಸುಟ್ಟು ಫ್ಯೂಸ್ ಉಳಿಯುತ್ತದೆ.

ತಾನಾಗಿ ಸರಿಹೋಗುವ ಪಿಟಿಸಿ ಫ್ಯೂಸ್ ಎಂಬುದೂ ಇದೆ, ಹಳದಿ ಬಿಲ್ಲೆಯಂತೆ ಕಾಣುತ್ತದೆ. ಬಿಸಿಯಾದಾಗ ಅದರ ರೋಧ ಸಾವಿರಾರು ಪಟ್ಟು ಏರಿ ಕರೆಂಟನ್ನು ಅದುಮುತ್ತದೆ, ತಣ್ಣಗಾದ ಮೇಲೆ ಬಿಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಿಧಾನ, ತಡೆಯುವ ಅಂಕಿಗೂ ಅದುಮುವ ಅಂಕಿಗೂ ಸುಮಾರು ಎರಡು ಪಟ್ಟು ಅಂತರ, ಮತ್ತು ಸುತ್ತಲಿನ ಸೆಕೆ ಅದರ ಅಂಕಿಯನ್ನೇ ಬದಲಿಸುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಡಬ್ಬಿಯೊಳಗೆ ಕೂತ ಪಿಟಿಸಿ ಡಿಸೆಂಬರಿನ ಪಿಟಿಸಿ ಅಲ್ಲ.

ಇನ್ನು ಎರಡನೇ ಹುಡುಗ. ವೇಪ್ ಅಥವಾ ಇ-ಸಿಗರೇಟನ್ನು ತಯಾರಿಸುವುದು, ತರಿಸುವುದು, ಮಾರುವುದು, ಜಾಹೀರಾತು ಕೊಡುವುದು ಎಲ್ಲವೂ ನಮ್ಮ ದೇಶದಲ್ಲಿ 2019ರ ಕಾಯ್ದೆಯಿಂದ ನಿಷಿದ್ಧ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದನ್ನು ಪಕ್ಕಕ್ಕಿಟ್ಟು ಬರೀ ಫ್ಯೂಸಿನ ದೃಷ್ಟಿಯಿಂದ ನೋಡಿದರೂ ಉತ್ತರ ಒಂದೇ. ಹೊರದೇಶಗಳಲ್ಲಿ ಹವ್ಯಾಸಿಗಳು ಮಾಡಿಕೊಳ್ಳುವ ಈ ಸಾಧನಗಳಲ್ಲಿ ಚಿಪ್ ಇಲ್ಲದ ಒಂದು ಬಗೆ ಇದೆ. ಒಂದು ಲೋಹದ ಕೊಳವೆ, ಒಳಗೆ ಒಂದು ಸೆಲ್, ಮೇಲೆ ತಂತಿಯ ಸುರುಳಿ, ಕೆಳಗೆ ಗುಂಡಿ, ಅಷ್ಟೇ. ಸುರುಳಿ ಕೆಂಪಗೆ ಕಾಯಬೇಕು, ಅದೇ ಅದರ ಕೆಲಸ. ಆದ್ದರಿಂದ ಅದರ ರೋಧವನ್ನು ಬೇಕೆಂದೇ ತೀರಾ ಕಡಿಮೆ ಇಡುತ್ತಾರೆ. 0.15 ಓಮ್ ಸುರುಳಿ, ಹೆಚ್ಚು ಕರೆಂಟ್ ಕೊಡುವ ಸೆಲ್‌ನ ಒಳರೋಧ 0.02, ಒಟ್ಟು 0.17. 4.2ನ್ನು ಭಾಗಿಸಿದರೆ ಸುಮಾರು 25 ಆಂಪಿಯರ್. ಈ ಬಗೆಯ ಹೆಸರಾಂತ ಸೆಲ್ ಒಂದರ, ಸ್ಯಾಮ್‌ಸಂಗ್ 25ಆರ್‌ನ, ನಿರಂತರ ಮಿತಿ 20 ಆಂಪಿಯರ್.

ಮತ್ತೆ ಅಂಕಿಗಳನ್ನು ಸಾಲಾಗಿ ಇಡಿ. ನಿತ್ಯದ ಕರೆಂಟು 25, ಸೆಲ್‌ನ ಮಿತಿ 20. ಜಾಗ ಇಲ್ಲವೇ ಇಲ್ಲ, ನಿತ್ಯವೇ ಮಿತಿಯನ್ನು ದಾಟಿ ಕೂತಿದೆ. 20ರ ಗಾಡಿ ಫ್ಯೂಸ್ ಹಾಕಿದರೆ 25 ಎಂದರೆ 1.25 ಪಟ್ಟು. ಆ ಮಟ್ಟದಲ್ಲಿ ಅದು ಇವತ್ತು ಹೋಗಬಹುದು, ನಾಳೆಯೂ ಹೋಗದಿರಬಹುದು. ನಾಲ್ಕೈದು ಸೆಕೆಂಡು ಒತ್ತಿ ಬಿಟ್ಟರೆ ಫ್ಯೂಸ್ ನಡುನಡುವೆ ತಣ್ಣಗಾಗಿ ಇನ್ನೂ ಬಾಳುತ್ತದೆ. 30ರದು ಹಾಕಿದರೆ ಸುರುಳಿ ಸ್ವಲ್ಪ ಜರುಗಿ 35 ಆಂಪಿಯರ್ ಹರಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ, ಸೆಲ್ ಬೇಯುತ್ತಿರುತ್ತದೆ. ನಿಜ ಹೇಳಬೇಕೆಂದರೆ ಪೂರ್ತಿ ಶಾರ್ಟ್ ಆಗಿ ನೂರು ನೂರೈವತ್ತು ಆಂಪಿಯರ್ ಹರಿದರೆ 30ರ ಫ್ಯೂಸ್ ಕಡಿಯುತ್ತದೆ, ಅಷ್ಟರ ಮಟ್ಟಿಗೆ ಅದು ಇಲ್ಲದಿರುವುದಕ್ಕಿಂತ ಮೇಲು. ಆದರೆ ಸಾಮಾನ್ಯವಾಗಿ ಆಗುವುದು ಅರೆಬರೆ ಶಾರ್ಟ್, ಮುದಿ ಸೆಲ್, ಸಡಿಲ ಸಂಪರ್ಕ. ಅಲ್ಲಿ ಫ್ಯೂಸಿಗೆ ಕೆಲಸದ ಕರೆಂಟೂ ಕೇಡಿನ ಕರೆಂಟೂ ಒಂದೇ ತರಹ ಕಾಣುತ್ತವೆ. ಸಾಲದ್ದಕ್ಕೆ ಫ್ಯೂಸೂ ಅದರ ಹಿಡಿಕೆಯೂ ಕೆಲವು ಮಿಲಿಓಮ್ ರೋಧ ಸೇರಿಸಿ ಸುರುಳಿಯ ಕಾವು ಕಡಿಮೆ ಮಾಡುತ್ತವೆ ಎಂದು ಬೇಸತ್ತು ಅದನ್ನು ಕಿತ್ತುಹಾಕುವವರೂ ಇರುತ್ತಾರೆ. ಹಳ್ಳಿಯಲ್ಲಿ ಕಟೌಟ್ ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ದಪ್ಪ ತಾಮ್ರದ ತಂತಿ ಸುತ್ತುವವರ ಬುದ್ಧಿಯೇ ಇದು.

ಲೋಹದ ಕೊಳವೆ ಎಂಬುದೂ ಒಂದು ಕೇಡು. ಸೆಲ್ ಅನಿಲ ಬಿಟ್ಟಾಗ ಹೋಗಲು ದಾರಿ ಇಲ್ಲದಿದ್ದರೆ ಕೊಳವೆ ಬಂದೂಕಿನಂತೆ ವರ್ತಿಸುತ್ತದೆ, ಅದೂ ಬಾಯಿಗೆ ಹಿಡಿದ ಬಂದೂಕು. ಅಮೆರಿಕದಲ್ಲಿ 2018ರಲ್ಲಿ ಫ್ಲಾರಿಡಾದಲ್ಲೂ 2019ರಲ್ಲಿ ಟೆಕ್ಸಸ್‌ನಲ್ಲೂ ವೇಪ್ ಸಿಡಿದು ತಲಾ ಒಬ್ಬರು ಸತ್ತಿದ್ದಾರೆ. ಅಲ್ಲಿನ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ ವರದಿಯಾದ ಇಂತಹ 195 ಬೆಂಕಿ ಮತ್ತು ಸಿಡಿತಗಳನ್ನು ಪಟ್ಟಿ ಮಾಡಿತ್ತು. ಅದರಲ್ಲಿ ನನ್ನನ್ನು ನಿಲ್ಲಿಸಿದ ಅಂಕಿ ಬೇರೆ: 61 ಪ್ರಕರಣಗಳಲ್ಲಿ ಸಾಧನ ಅಥವಾ ಬಿಡಿ ಸೆಲ್ ಜೇಬಿನಲ್ಲಿತ್ತು. ಯಾರೂ ಸೇದುತ್ತಿರಲಿಲ್ಲ. ಬಿಡಿ ಸೆಲ್ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಕೂತರೆ ಅವೇ ತಂತಿಯ ಕೆಲಸ ಮಾಡುತ್ತವೆ. ಸಾಧನದ ಒಳಗಿನ ಫ್ಯೂಸ್ ಎಷ್ಟೇ ಒಳ್ಳೆಯದಿರಲಿ, ಜೇಬಿನಲ್ಲಿರುವ ಸೆಲ್‌ಗೆ ಅದರಿಂದ ಏನೂ ಆಗದು.

ಈ ಮಾತು ವೇಪ್ ಮುಟ್ಟದ ನಮಗೂ ಅನ್ವಯಿಸುತ್ತದೆ, ಯಾಕೆಂದರೆ ಟಾರ್ಚಿನ ಸೆಲ್‌ಗಳನ್ನು ಪೆನ್ಸಿಲ್ ಬಾಕ್ಸಿನಲ್ಲಿ ಹಾಕಿಕೊಂಡು ಕಾಲೇಜಿಗೆ ಬರುವವರನ್ನು ನಾನೇ ನೋಡಿದ್ದೇನೆ. 18650ರ ಮೇಲ್ಭಾಗದ ಗುಂಡಿ ಮಾತ್ರ ಪ್ಲಸ್, ಉಳಿದ ಇಡೀ ಲೋಹದ ಡಬ್ಬಿ, ಗುಂಡಿಯ ಸುತ್ತಲಿನ ಅಂಚೂ ಸೇರಿ, ಮೈನಸ್. ಎರಡರ ನಡುವೆ ಇರುವುದು ಒಂದು ತೆಳು ಪ್ಲಾಸ್ಟಿಕ್ ಹೊದಿಕೆ ಮತ್ತು ಉಂಗುರದಂತಹ ಕಾಗದ. ಆ ಹೊದಿಕೆ ಹರಿದಿದ್ದರೆ ಸೆಲ್ ತನ್ನ ತಲೆಯ ಮೇಲೇ ಶಾರ್ಟ್ ಆಗಬಹುದು, ಫ್ಯೂಸಿಗೆ ಸುದ್ದಿಯೂ ಮುಟ್ಟುವುದಿಲ್ಲ. ಹೊದಿಕೆಗಳು ಬಿಡಿಯಾಗಿ ಸಿಗುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಂತೂ ಮೀಟರ್ ಲೆಕ್ಕದಲ್ಲಿ. ಬಿಸಿ ಗಾಳಿ ಬಿಟ್ಟರೆ ಕುಗ್ಗಿ ಅಂಟಿಕೊಳ್ಳುತ್ತವೆ.

ಫ್ಯೂಸ್ ಮಾಡದ ಕೆಲಸಗಳು ಇನ್ನೂ ಇವೆ. ಸೆಲ್ 4.2 ವೋಲ್ಟ್ ದಾಟಿ ಚಾರ್ಜ್ ಆದರೆ, ಪೂರ್ತಿ ಬರಿದಾಗುವವರೆಗೆ ಉರಿದರೆ, ಅದಕ್ಕೆ ಗೊತ್ತಾಗದು. ಅದಕ್ಕೆ ಬೇರೆ ರಕ್ಷಣಾ ಬೋರ್ಡ್ ಬೇಕು. ಟಿಪಿ4056 ಚಿಪ್ಪಿನ ಸಣ್ಣ ನೀಲಿ ಚಾರ್ಜಿಂಗ್ ಬೋರ್ಡುಗಳು ಎರಡು ಬಗೆಯಲ್ಲಿ ಬರುತ್ತವೆ, ರಕ್ಷಣೆ ಇರುವುದು ಮತ್ತು ಇಲ್ಲದ್ದು. ಇರುವುದರಲ್ಲಿ ಇನ್ನೂ ಎರಡು ಸಣ್ಣ ಚಿಪ್ಪುಗಳಿರುತ್ತವೆ, ಬೆಲೆ ಕೆಲವೇ ರೂಪಾಯಿ ಹೆಚ್ಚು. ಬೋರ್ಡ್ ಇದ್ದರೂ ಫ್ಯೂಸ್ ಬಿಡಬೇಡಿ, ಬೋರ್ಡಿನ ಚಿಪ್ಪೇ ಸುಟ್ಟು ಶಾರ್ಟ್ ಆಗುವುದನ್ನು ಮಾಮೂ ಅಂಗಡಿಯಲ್ಲಿ ವಾರಕ್ಕೊಂದು ಸಲವಾದರೂ ಕಾಣುತ್ತೇವೆ. ಇನ್ನು 9,900 ಮಿಲಿಆಂಪ್ ಅವರ್ ಎಂದು ಮುದ್ರಿಸಿದ 18650 ಕೊಳ್ಳಬೇಡಿ. ಹೆಸರಿರುವ ಕಂಪನಿಗಳ ಸೆಲ್‌ಗಳು ಸಾಮಾನ್ಯವಾಗಿ 2,000ರಿಂದ 3,600ರ ಒಳಗೇ ಇರುತ್ತವೆ. ಅನುಮಾನ ಬಂದರೆ ತೂಗಿ ನೋಡಿ. ನಮ್ಮ ಪಕ್ಕದ ಚಿನ್ನದಂಗಡಿಯ ತಕ್ಕಡಿಯಲ್ಲಿ ಅಂಥದೊಂದು 29 ಗ್ರಾಂ ತೂಗಿತು. ಮಿಲಿಆಂಪ್ ಅವರ್ ಸುಳ್ಳಾದರೆ ಆಂಪಿಯರ್ ಮಿತಿಯೂ ಸುಳ್ಳೇ, ಆಗ ಫ್ಯೂಸಿನ ಲೆಕ್ಕಕ್ಕೆ ತಳವೇ ಇಲ್ಲ.

ಸೆಲ್ ಕೈ ಸುಡುವಷ್ಟು ಬಿಸಿಯಾದರೆ, ಸಿಹಿ ಸಿಹಿಯಾದ ಔಷಧಿ ವಾಸನೆ ಬಂದರೆ, ಬುಸ್ ಎಂದು ಸದ್ದಾದರೆ ಎತ್ತಿ ನೋಡುತ್ತಾ ನಿಲ್ಲಬೇಡಿ, ಜನರನ್ನು ದೂರ ಕಳಿಸಿ. ಹೊತ್ತಿಕೊಂಡ ಸಣ್ಣ ಲಿಥಿಯಂ ಅಯಾನ್ ಸೆಲ್‌ಗೆ ದೂರದಿಂದ ಧಾರಾಳ ನೀರು ಸುರಿಯಬಹುದು, ಅದು ತಣ್ಣಗಾಗುವುದೇ ಮುಖ್ಯ. ಆದರೆ ಚಾರ್ಜರ್ ಗೋಡೆಯ ಪ್ಲಗ್ಗಿನಲ್ಲಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಹಳೆಯ ಸೆಲ್‌ಗಳನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅವನ್ನು ಬೇರೆಯಾಗಿ ಸಂಗ್ರಹಿಸಿ ಮರುಬಳಕೆಗೆ ಕೊಡಬೇಕು. ಕೊಡುವ ತನಕ ಎರಡೂ ತುದಿಗಳಿಗೆ ಪ್ಲಾಸ್ಟಿಕ್ ಟೇಪ್ ಅಂಟಿಸಿ, ಒಂದಕ್ಕೊಂದು ತಾಗದಂತೆ ಒಣ ಡಬ್ಬಿಯಲ್ಲಿ ಇಡಿ.